ಎಡಗಡೆ ಬಾಗಿಲಿಗೆ ಮಾತ್ರ ಫಿಲ್ಮ್

ಹೊಸ ಕಾರ್ ಬುಕ್ ಮಾಡಿದೀರಾ? ಹಾಗಿದ್ರೆ ಇಷ್ಟೊತ್ತಿಗೆ ನಿಮ್ಮ ಫೋನಿಗೆ ಪಿಪಿಎಫ್ ರೀಲ್ಸ್ ಬರೋಕೆ ಶುರುವಾಗಿರುತ್ತೆ. ಬಾನೆಟ್ ಮೇಲೆ ವೈರ್ ಬ್ರಷ್ ಹಾಕಿ ಉಜ್ಜುತ್ತಾರೆ, ಮೇಲೆ ಬಿಸಿನೀರು ಸುರಿಯುತ್ತಾರೆ, ಗೀರೆಲ್ಲ ಮಾಯ! ನನಗೂ ಮೂರು ವಾರ ಇದೇ ಕಥೆ. ಶೋರೂಮಿನವರು ಒಂದು ರೇಟು, ಮನೆ ಹತ್ತಿರದ ಡೀಟೇಲಿಂಗ್ ಅಂಗಡಿಯವರು ಇನ್ನೊಂದು ರೇಟು. ಫುಲ್ ಬಾಡಿಗೆ 1,15,000, ಫ್ರಂಟ್ ಪ್ಯಾಕೇಜಿಗೆ 42,000. ಸೆರಾಮಿಕ್ ಕೋಟಿಂಗ್ ಸಾಕು ಅಂದ್ರೆ 22,000. 14 ಲಕ್ಷದ ಗಾಡಿಗೆ ಲಕ್ಷದ ಅಂಗಿ.

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ, ಯಾಕಂದ್ರೆ ಆಫೀಸಲ್ಲಿ ಅರ್ಧ ಜನ ಸೆರಾಮಿಕ್ಕೂ ಪಿಪಿಎಫ್ಫೂ ಒಂದೇ ಅಂದುಕೊಂಡಿದ್ದಾರೆ. ಕಾರ್ಖಾನೆಯಿಂದ ಬಂದ ಪೇಂಟ್, ಎಲ್ಲ ಪದರ ಸೇರಿ, ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್ ಇರುತ್ತೆ. ಸೆರಾಮಿಕ್ ಅದರ ಮೇಲೆ ಒಂದೆರಡು ಮೈಕ್ರಾನ್ ಅಷ್ಟೇ. ನೀರು ಜಾರುತ್ತೆ, ತೊಳೆಯೋದು ಸುಲಭ, ಹೊಳಪು ಚೆನ್ನಾಗಿರುತ್ತೆ. ಆದರೆ ಕಲ್ಲು ತಡೆಯಲ್ಲ. ಪಿಪಿಎಫ್ ಅನ್ನೋದು ಪಾಲಿಯುರೆಥೇನ್ ಹಾಳೆ, 150ರಿಂದ 200 ಮೈಕ್ರಾನ್, ಅಂದ್ರೆ ಪೇಂಟಿಗಿಂತಲೂ ದಪ್ಪ. ಹೆಲಿಕಾಪ್ಟರ್ ರೆಕ್ಕೆಗಳನ್ನ ಮರಳು, ಕಲ್ಲುಗಳಿಂದ ಕಾಪಾಡೋಕೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಬಂದ ಟೇಪಿನ ವಂಶ ಇದು. ರೀಲ್ಸಲ್ಲಿ ಮಾಯವಾಗೋದು ಹಾಳೆಯ ಮೇಲ್ಪದರದ ಸಣ್ಣ ಗೀರು ಮಾತ್ರ. ಆಳವಾಗಿ ಹರಿದರೆ ಹರಿದಿದ್ದೇ. ಡೆಂಟಿಗೂ ಇದಕ್ಕೂ ಸಂಬಂಧ ಇಲ್ಲ. ವಾರಂಟಿ ಕಾರ್ಡ್ ಓದಿ ನೋಡಿ: ಹಳದಿಯಾಗೋದು, ಬಿರುಕು ಬಿಡೋದು, ಕಿತ್ತು ಬರೋದು, ಇಷ್ಟಕ್ಕೇ ಅವರ ಹೊಣೆ.

ಹಾಗಾದ್ರೆ ಎಷ್ಟು ಹಾಕಿಸಬೇಕು? ಇದನ್ನ ಅಂಗಡಿಯವರ ಹತ್ರ ಕೇಳೋದು, ಊಟ ಎಷ್ಟು ಮಾಡ್ಲಿ ಅಂತ ಹೋಟೆಲಿನವರನ್ನೇ ಕೇಳಿದ ಹಾಗೆ. ನಾನು ನಮ್ಮ ಹಳೇ ಹ್ಯಾಚ್‌ಬ್ಯಾಕನ್ನ ಕೇಳಿದೆ. ಎಂಟು ವರ್ಷ, 92,000 ಕಿಲೋಮೀಟರ್. ಮಾರೋಕೆ ಮುಂಚೆ ಒಂದು ಭಾನುವಾರ ತೊಳೆದು, ಟಾರ್ಚ್ ಹಿಡ್ಕೊಂಡು ಸುತ್ತ ಬಂದು, ಒಂದೊಂದೇ ಗಾಯ ಎಣಿಸಿದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರೊಡಕ್ಷನ್ ಲಾಗ್. ಇದಕ್ಕಿಂತ ಒಳ್ಳೇ ಡೇಟಾ ಯಾವ ರೀಲ್ಸಲ್ಲೂ ಸಿಗಲ್ಲ.

ಬಾನೆಟ್‌ನ ಮುಂದಿನ ಅಂಚಲ್ಲಿ 23 ಚುಕ್ಕೆ, ಅದರಲ್ಲಿ ನಾಲ್ಕು ತುಕ್ಕು ಹಿಡಿದಿದ್ವು. ಎಲ್ಲ ತುಮಕೂರು–ತಿಪಟೂರು ರಸ್ತೆಯ ಕೊಡುಗೆ. ಊರಿಗೆ ತಿಂಗಳಿಗೆರಡು ಸಲ ಹೋಗ್ತೀವಿ. ರಸ್ತೆ ಅಗಲ ಮಾಡೋ ಕೆಲಸ ನಡೆದ ಅಷ್ಟೂ ವರ್ಷ ನಮ್ಮ ಮುಂದೆ ಒಂದಲ್ಲ ಒಂದು ಜಲ್ಲಿ ಲಾರಿ. ಮುಂದಿನ ಬಂಪರಲ್ಲಿ ಚುಕ್ಕೆ ಎಣಿಸೋಕೇ ಆಗಲಿಲ್ಲ. ರೂಫ್ ಮೇಲೆ ಒಂದು ಗೀರೂ ಇಲ್ಲ, ಬಿಸಿಲಿಗೆ ಮಂಕಾಗಿತ್ತು ಅಷ್ಟೇ. ಬಾಗಿಲ ಹಿಡಿಗಳ ಒಳಗೆ ಉಗುರಿನ ಗೀಚು. ಡಿಕ್ಕಿ ತೆಗೆದ್ರೆ ಹಿಂದಿನ ಬಂಪರಿನ ಮೇಲ್ಭಾಗ ಪೂರ್ತಿ ತರಚಿ ಹೋಗಿತ್ತು. ಆಶ್ಚರ್ಯ ಆಗಿದ್ದು ಪಕ್ಕದ ಬಾಗಿಲು ನೋಡಿ. ಎಡಗಡೆ 11 ಉದ್ದ ಗೀರು, ಬಲಗಡೆ ಮೂರೇ.

ಸ್ವಲ್ಪ ಯೋಚಿಸಿದ್ಮೇಲೆ ಹೊಳೀತು. ನಮ್ಮ ತೋಟದ ದಾರಿ ಒಂದೇ ಗಾಡಿಯಷ್ಟು ಅಗಲ. ಎದುರಿಂದ ಟ್ರ್ಯಾಕ್ಟರ್ ಬಂದ್ರೆ ಎಡಕ್ಕೆ ಒತ್ತಿಕೊಂಡು ನಿಲ್ಲಬೇಕು. ಎಡಕ್ಕೆ ಲಂಟಾನ, ಅದರ ಹಿಂದೆ ಕತ್ತಾಳೆ. ಬೆಂಗಳೂರಿನ ಸಿಗ್ನಲ್ಲಲ್ಲಿ ಸ್ಕೂಟರುಗಳು ನುಗ್ಗೋದೂ ಹೆಚ್ಚಾಗಿ ಅದೇ ಕಡೆಯಿಂದ.

ಈಗ ಮನೆಯ ವಿಷಯ. ಕೊಟೇಶನ್ ನೋಡಿದ ನನ್ನ ಹೆಂಡತಿ ದುಡ್ಡಿನ ಬಗ್ಗೆ ಏನೂ ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದ್ಲು: "ಇಷ್ಟು ಖರ್ಚು ಮಾಡಿದ್ಮೇಲೆ ಮಾವ ಡಿಕ್ಕಿಗೆ ಕಾಯಿ ಮೂಟೆ ಹಾಕಿದ್ರೆ ನೀನು ಸುಮ್ನಿರ್ತೀಯಾ?" ನಾನು ಉತ್ತರ ಕೊಡಲಿಲ್ಲ. ಅಪ್ಪ ನಮ್ಮ ಕೈಗೆ ಏನೂ ಕೊಡದೆ ಕಳಿಸೋ ಮನುಷ್ಯ ಅಲ್ಲ. ಕಾಯಿ, ಬಾಳೆಗೊನೆ, ಹಲಸಿನ ಹಣ್ಣು, ಹೋದ ಸಲ ಒಂದು ಕರಿಬೇವಿನ ಗಿಡ. ನಾನು ಒಂದು ಸಲ "ಅಪ್ಪಾ, ನಿಧಾನ" ಅಂದ್ರೆ ಸಾಕು, ಮುಂದಿನ ಸಲ ಮೂಟೆ ಬಸ್ಸಿಗೆ ಹೋಗುತ್ತೆ. ಆಮೇಲೆ ಎಷ್ಟು ಕರೆದರೂ ಅವರು ಆ ಕಾರಿನ ಹತ್ರ ಬರಲ್ಲ, ಆ ಸ್ವಭಾವ ನನಗೆ ಗೊತ್ತು. ಹಾಗಾಗಿ ನನ್ನ ಲೆಕ್ಕ ಬದಲಾಯ್ತು. ನಾನು ಬಾಯಿ ಮುಚ್ಕೊಂಡಿರೋಕೆ ಎಲ್ಲೆಲ್ಲಿ ಫಿಲ್ಮ್ ಬೇಕು? ಅಲ್ಲಿ ಹಾಕಿಸಬೇಕು. ಮಿಕ್ಕಿದ್ದು ಬೇಡ.

ಬಾನೆಟ್ ಪೂರ್ತಿ. ಅರ್ಧ ಬಾನೆಟ್ಟಿಗೆ ಹಾಕಿಸಿದ್ರೆ ಮಧ್ಯದಲ್ಲಿ ಗೆರೆ ಕಾಣುತ್ತೆ, ಅದರಲ್ಲಿ ಧೂಳು ಕೂರುತ್ತೆ. ನಮ್ಮದು ಕಡುನೀಲಿ ಬೇರೆ. ಬಾನೆಟ್ ಕಬ್ಬಿಣ, ಚುಕ್ಕೆ ಆಳಕ್ಕೆ ಹೋದ್ರೆ ತುಕ್ಕು. ಮತ್ತೆ ಪೇಂಟ್ ಮಾಡಿಸಬಹುದಲ್ಲ ಅಂತೀರಾ? ಮಾಡಿಸಬಹುದು. ಆದರೆ ಕಾರ್ಖಾನೆಯಲ್ಲಿ ಬರೀ ಲೋಹದ ಬಾಡಿಯನ್ನ ಸುಮಾರು 140 ಡಿಗ್ರಿಯಲ್ಲಿ ಬೇಯಿಸ್ತಾರೆ. ಗ್ಯಾರೇಜಲ್ಲಿ ರಬ್ಬರು, ವೈರು, ಪ್ಲಾಸ್ಟಿಕ್ ಎಲ್ಲ ಇರೋ ಗಾಡಿಯನ್ನ 60ರ ಆಸುಪಾಸಿಗಿಂತ ಹೆಚ್ಚು ಕಾಯಿಸೋಕಾಗಲ್ಲ. ಮೊದಲಿನ ಪೇಂಟ್ ಮೊದಲಿಂದೇ. ಹಳೇ ಕಾರ್ ಕೊಳ್ಳೋರೂ ಈಗ ಮೀಟರ್ ಇಟ್ಟು ಅಳೀತಾರೆ, ಒಂದು ಪ್ಯಾನಲ್ ದಪ್ಪ ಬಂದ್ರೆ "ಆಕ್ಸಿಡೆಂಟಾ ಸಾರ್?" ಅಂತ ಶುರು. ಸಣ್ಣ ಗೀರಿಗೆಲ್ಲ ಇನ್ಶೂರೆನ್ಸ್ ಕ್ಲೇಮ್ ಮಾಡೋದೂ ನಷ್ಟದ ವ್ಯಾಪಾರ. ಐದು ವರ್ಷಕ್ಕೆ 50 ಪರ್ಸೆಂಟಿಗೆ ಏರೋ ನೋ ಕ್ಲೇಮ್ ಬೋನಸ್ ಹೋಗುತ್ತೆ.

ಮುಂದಿನ ಬಂಪರ್ ಬಿಟ್ಟೆ. ಅಂಗಡಿಯವರಿಗೆ ಇದು ಒಪ್ಪಿಗೆಯೇ ಆಗಲಿಲ್ಲ, ಎಲ್ಲರೂ ಮೊದಲು ಹಾಕಿಸೋದೇ ಬಂಪರಿಗಂತೆ. ಆದರೆ ಅದು ಪ್ಲಾಸ್ಟಿಕ್, ತುಕ್ಕು ಹಿಡಿಯಲ್ಲ. ತಿರುವು ಜಾಸ್ತಿ ಇರೋದ್ರಿಂದ ಕೂಲಿಯೂ ಜಾಸ್ತಿ. ಬೆಂಗಳೂರಲ್ಲಿ ಬಂಪರ್ ಹೇಗೂ ಯಾರಿಗೋ ಎಲ್ಲೋ ತಾಗುತ್ತೆ, ಆಗ ಫಿಲ್ಮೂ ಹೋಯ್ತು. ರೂಫ್ ಕೂಡ ಬಿಟ್ಟೆ. ಹೊಸ ಅಪಾರ್ಟ್‌ಮೆಂಟಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಇದೆ. ನಿಮ್ಮದು ಮರದ ಕೆಳಗೆ ರಸ್ತೆಯಲ್ಲಿ ನಿಲ್ಲೋ ಗಾಡಿಯಾದ್ರೆ ಈ ಲೆಕ್ಕ ಬೇರೆ. ಕಾಗೆ ಹಿಕ್ಕೆ ಬಿಸಿಲಲ್ಲಿ ಒಂದು ದಿನ ಕೂತರೆ ಪೇಂಟಲ್ಲಿ ಗುರುತು ಬಿದ್ದುಬಿಡುತ್ತೆ.

ಎಡಗಡೆ ಎರಡು ಬಾಗಿಲು ಅಂದಾಗ ಅಂಗಡಿ ಹುಡುಗ ಮುಖ ನೋಡಿದ. "ಒಂದೇ ಸೈಡಾ ಸಾರ್? ಯಾರೂ ಹಂಗ್ ಮಾಡ್ಸಲ್ಲ." ಎರಡೂ ಕಡೆ ಒಟ್ಟಿಗೆ ನೋಡೋಕೆ ಆಗುತ್ತೇನಪ್ಪಾ ಅಂದೆ. ನಕ್ಕು ಬರ್ಕೊಂಡ. ಬಾನೆಟ್ಟಿಗೆ 14,000, ಎರಡು ಬಾಗಿಲಿಗೆ 13,000. ಕನ್ನಡಿಗಳು, ಹಿಡಿಗಳ ಒಳಭಾಗ, ಬಾಗಿಲ ಅಂಚು, ಚಕ್ರದ ಹಿಂದಿನ ಪಟ್ಟಿ, ಡಿಕ್ಕಿ ಮುಂದಿನ ಬಂಪರ್ ಮೇಲ್ಭಾಗ ಎಲ್ಲ ಸೇರಿ 9,000. ಒಟ್ಟು 36,000.

ಮಾಡಿಸೋರಿಗೆ ಒಂದೆರಡು ಮಾತು. ಫಿಲ್ಮನ್ನ ಎಲ್ಲಿ ಕತ್ತರಿಸ್ತೀರಾ ಅಂತ ಕೇಳಿ. ಗಾಡಿ ಮೇಲೇ ಬ್ಲೇಡ್ ಆಡಿಸೋರಾದ್ರೆ ಕೈ ಪಳಗಿರಬೇಕು, ಇಲ್ಲಾಂದ್ರೆ ಪೇಂಟಿಗೇ ಗೀರು. ಮೆಷಿನ್ನಲ್ಲಿ ಅಳತೆಗೆ ಕತ್ತರಿಸಿ ತರೋರು ವಾಸಿ. ಪಿವಿಸಿ ಹಾಳೆ ಅಗ್ಗ, ಬೇಗ ಹಳದಿಯಾಗುತ್ತೆ. ರೋಲಿನ ಮೇಲಿನ ಹೆಸರು, ನಂಬರನ್ನ ಬಿಲ್ಲಲ್ಲಿ ಬರೆಸ್ಕೊಳ್ಳಿ. ಮತ್ತೆ ಪೇಂಟ್ ಮಾಡಿಸಿದ ಪ್ಯಾನಲ್ ಇದ್ರೆ ಮೊದಲೇ ಹೇಳಿ, ಫಿಲ್ಮ್ ತೆಗೆಯುವಾಗ ಪೇಂಟೂ ಜೊತೆಗೆ ಬರಬಹುದು.

ಅಪ್ಪನಿಗೆ ಫೋನಲ್ಲಿ ಹೇಳಿದಾಗ, "ಕಾರಿಗೆ ಬಟ್ಟೆ ತೊಡ್ಸಕ್ಕೆ ಅಷ್ಟು ದುಡ್ಡೇನೋ?" ಅಂದ್ರು. ಮೊದಲ ವಾರ ತೊಳೀಬೇಡಿ ಅಂದಿದ್ರು, ತೊಳೀಲಿಲ್ಲ. ಎರಡನೇ ಶನಿವಾರ ಊರಿಗೆ ಹೋಗಿ ಬಂದ್ವಿ. 60 ಕಾಯಿ ಇದ್ದ ಮೂಟೆಯನ್ನ ಅಪ್ಪ ಡಿಕ್ಕಿ ಅಂಚಿನ ಮೇಲೆ ಎಳೆದೇ ಒಳಗೆ ತಳ್ಳಿದ್ರು. ನಾನು ಇನ್ನೊಂದು ತುದಿ ಹಿಡಿದಿದ್ದೆ. ಫಿಲ್ಮ್ ಮೇಲೆ ಐದಾರು ಗೀರು ಬಿತ್ತು. ಮಾರನೇ ದಿನ ಬಿಸಿಲಿಗೆ ನಿಲ್ಲಿಸಿದೆ, ಅರ್ಧ ಹೋಯ್ತು, ಅರ್ಧ ಹಾಗೇ ಇದೆ.