ಹಲ್ಲು ಸವೆದರೆ ಸೈಕಲ್ಲು ಗುಜರಿಯಲ್ಲ

ಒರಗಿ ಕುಳಿತು ತುಳಿಯುವ ರಿಕಂಬೆಂಟ್ ಸೈಕಲ್ಲನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1934ರಲ್ಲಿ ತನ್ನ ಸ್ಪರ್ಧೆಗಳಿಂದ ಹೊರಗಿಟ್ಟಿತು. ಇಂದಿಗೂ ಅದು ವಿರಳ. ವಿರಳ ವಾಹನ ಹಳೆಯದಾದೊಡನೆ ಗುಜರಿಯ ಮಾತು ಬರುತ್ತದೆ. ಇದು ಸಲ್ಲದು. ಚೌಕಟ್ಟು ವಿಶಿಷ್ಟವಾದರೂ ಅದರ ಚೈನು, ಹಲ್ಲುಚಕ್ರಗಳು ಬಹುಮಟ್ಟಿಗೆ ಸಾಮಾನ್ಯ ಸೈಕಲ್ಲಿನವೇ, ಸವೆಯುವುದೂ ಅವೇ.

ಚೈನಿನ 24 ಕೊಂಡಿಗಳು 12 ಅಂಗುಲಕ್ಕಿಂತ 1/16 ಅಂಗುಲ ಹಿಗ್ಗಿದಾಗಲೇ ಚೈನನ್ನು ಬದಲಿಸಿದರೆ ಹಲ್ಲುಗಳು ಉಳಿಯುತ್ತವೆ. 1/8 ಅಂಗುಲದವರೆಗೆ ಬಿಟ್ಟರೆ ಹಲ್ಲುಚಕ್ರಗಳೂ ಸವೆದು, ಹೊಸ ಚೈನು ಅವುಗಳ ಮೇಲೆ ಜಾರುತ್ತದೆ. ಅವನ್ನು ಬದಲಿಸುವಾಗ ಮುಂದಕ್ಕೆ ಮೊದಲಿನದಕ್ಕಿಂತ ಚಿಕ್ಕ ಚಕ್ರವನ್ನು ಆರಿಸುವುದು ಲೇಸು. ಒರಗಿದ ಸವಾರನು ಏರಿನಲ್ಲಿ ಎದ್ದು ನಿಂತು ತುಳಿಯಲಾರನು.

ಹೊಸ ಸೈಕಲ್ಲಿನ ಲೋಹವೂ ಯಾವುದೋ ನೆಲವನ್ನು ಅಗೆದೇ ಬರುತ್ತದೆ. ನಾಲ್ಕು ಹಲ್ಲು ಸವೆದವೆಂದು ಇಡೀ ವಾಹನವನ್ನು ಎಸೆಯುವುದು ಬೆಟ್ಟವನ್ನು ನಂಬಿ ಬಾಳುವವರಿಗೆ ಶೋಭಿಸದು.