ಪರದೆಯೊಳಗೊಂದು ಪರದೆ

ಮನೆಯಲ್ಲಿರುವುದು ಒಂದೇ ಕಂಪ್ಯೂಟರು. ಅಪ್ಪನ ಲೆಕ್ಕಪತ್ರ, ಅಕ್ಕನ ಪ್ರಾಜೆಕ್ಟ್ ವರದಿ ಎಲ್ಲವೂ ಅದರಲ್ಲೇ. ಕಾಲೇಜು ಓದುವ ಮಗನಿಗೋ ಅದರ ಪರದೆಯ ಏರ್ಪಾಟನ್ನೇ ಬದಲಿಸಿ ನೋಡುವ ಆಸೆ. ಹೊಸ ವಿಂಡೋ ಮ್ಯಾನೇಜರ್ ಹಾಕಿದ, ಪರದೆ ಕಪ್ಪಾಯಿತು. 'ಇನ್ನು ಮುಟ್ಟಬೇಡ' ಎಂದು ಅಪ್ಪ ಗದರಿದರು. ಕಲಿಕೆ ಅಲ್ಲಿಗೇ ನಿಂತಿತು.

ಲಿನಕ್ಸ್ ಕಂಪ್ಯೂಟರುಗಳಲ್ಲಿ ಈ ಜಗಳಕ್ಕೆ ಪರಿಹಾರವಿದೆ. ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 'ಎಕ್ಸ್ ವಿಂಡೋ' ವ್ಯವಸ್ಥೆ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಇದರಲ್ಲಿ ಸರ್ವರ್ ಎಂದರೆ ಎಲ್ಲೋ ದೂರದ ಯಂತ್ರವಲ್ಲ. ನಿಮ್ಮೆದುರಿನ ಪರದೆ, ಕೀಲಿಮಣೆ, ಮೌಸ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶ. ಉಳಿದ ತಂತ್ರಾಂಶಗಳು ಅದರ ಗಿರಾಕಿಗಳು. 'ಇಲ್ಲೊಂದು ಗೆರೆ, ಅಲ್ಲೊಂದು ಅಕ್ಷರ' ಎಂದು ಅವು ಕೇಳುತ್ತವೆ, ಸರ್ವರ್ ಬಿಡಿಸಿಕೊಡುತ್ತದೆ. ಬಿಡಿಸಿದ್ದು ನಿಜವಾದ ಪರದೆಯ ಮೇಲೋ ಬೇರೆಲ್ಲೋ ಎಂದು ಗಿರಾಕಿ ಕೇಳುವುದಿಲ್ಲ.

ಉಪಾಯವಿರುವುದು ಇಲ್ಲೇ. 1990ರ ದಶಕದಲ್ಲಿ ಬಂದ 'ಎಕ್ಸ್‌ನೆಸ್ಟ್', ಅನಂತರದ 'ಜೆಫರ್' ಎರಡೂ ಅಂಗಡಿಯೊಳಗಿನ ಪುಟ್ಟ ಅಂಗಡಿಗಳು. ಹೊರಗಿನ ಸರ್ವರಿಗೆ ಅವು ಸಾಮಾನ್ಯ ಗಿರಾಕಿ, ಒಂದು ಕಿಟಕಿ ಅಷ್ಟೆ. ಆ ಕಿಟಕಿಯೊಳಗೆ ಓಡುವ ತಂತ್ರಾಂಶಗಳಿಗೆ ಮಾತ್ರ ಅವೇ ಪೂರ್ತಿ ಸರ್ವರ್. ಮನೆಯ ಪರದೆಯ ಸಂಖ್ಯೆ 0 ಆಗಿದ್ದರೆ ಒಳಗಿನದಕ್ಕೆ 1 ಕೊಟ್ಟು, ಹೊಸ ವಿಂಡೋ ಮ್ಯಾನೇಜರನ್ನು ಆ 1ಕ್ಕೆ ಕಳಿಸಿದರಾಯಿತು. ಅದು ಕಪ್ಪಾದರೆ ಕಿಟಕಿ ಮುಚ್ಚಿ ಮತ್ತೆ ತೆರೆಯಬಹುದು. ಅಪ್ಪನ ಲೆಕ್ಕದ ಹಾಳೆ ಪಕ್ಕದಲ್ಲೇ ತೆರೆದಿರುತ್ತದೆ. ಮೌಸ್ ಒಳಗೇ ಸಿಕ್ಕಿಕೊಂಡಂತಾದರೆ ಜೆಫರ್‌ನಲ್ಲಿ ಕಂಟ್ರೋಲ್, ಶಿಫ್ಟ್ ಒಟ್ಟಿಗೆ ಒತ್ತಿದರೆ ಬಿಡುಗಡೆ. ವೇಲ್ಯಾಂಡ್‌ಗೆ ಬದಲಾದ ಹೊಸ ಲಿನಕ್ಸ್‌ಗಳಲ್ಲೂ 'ಎಕ್ಸ್‌ವೇಲ್ಯಾಂಡ್' ನೆರವಿನಿಂದ ಜೆಫರ್ ಓಡುತ್ತದೆ.

ಇದು ಮಕ್ಕಳಾಟವಲ್ಲ. 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯ 'ಶುಗರ್' ತಂತ್ರಾಂಶವನ್ನು ಅದರ ನಿರ್ಮಾಪಕರು ಆ ಲ್ಯಾಪ್‌ಟಾಪ್ ಕೈಯಲ್ಲಿಲ್ಲದಾಗ ಜೆಫರ್ ಕಿಟಕಿಯೊಳಗೇ ಓಡಿಸಿ ಪರೀಕ್ಷಿಸುತ್ತಿದ್ದರು.

ಒಂದು ಎಚ್ಚರ ಅಗತ್ಯ. ಬೇರೆಯಾಗುವುದು ಪರದೆ ಮಾತ್ರ, ಕಡತಗಳಲ್ಲ. ಒಳಗಿನ ಕಿಟಕಿಯಲ್ಲಿ ಅಳಿಸಿದ ಕಡತ ನಿಜವಾಗಿಯೂ ಅಳಿಯುತ್ತದೆ. ಆದ್ದರಿಂದ ಮಗನ ಪ್ರಯೋಗಗಳಿಗೆ ಬೇರೆಯೇ ಬಳಕೆದಾರ ಖಾತೆ ಮಾಡಿಕೊಡಿ, ಅಕ್ಕನ ವರದಿಗೆ ಇನ್ನೊಂದು ಪ್ರತಿ ತೆಗೆದಿಡಿ. ಇಷ್ಟಾದ ಮೇಲೆ 'ಮುಟ್ಟಬೇಡ' ಎನ್ನುವ ಅಗತ್ಯ ಅಪ್ಪನಿಗೆ ಬರಲಾರದು.