ಕಠ್ಮಂಡುವಿಗೆ ಸಾಕಾಗುವ ವೋಟರ್ ಐಡಿ ಬಿಹಾರದಲ್ಲಿ ಯಾಕೆ ಸಾಲಲಿಲ್ಲ?

ಪಾಸ್‌ಪೋರ್ಟ್ ಇಲ್ಲದೆ ವಿದೇಶಕ್ಕೆ ವಿಮಾನ ಹತ್ತಬಹುದಾ? ಹತ್ತಬಹುದು. ನೇಪಾಳ, ಭೂತಾನ್‌ಗೆ ಹೋಗುವ ಭಾರತೀಯರಿಗೆ ಚುನಾವಣಾ ಆಯೋಗ ಕೊಟ್ಟ ವೋಟರ್ ಐಡಿಯೇ ಸಾಕು. ಆದರೆ ಬ್ಯಾಂಕು, ಸಿಮ್, ರೇಷನ್ ಅಂತ ಎಲ್ಲೆಡೆ ಕೇಳುವ ಆಧಾರ್ ಅಲ್ಲಿ ನಡೆಯಲ್ಲ. 15 ವರ್ಷದೊಳಗಿನವರು ಮತ್ತು 65 ದಾಟಿದವರಿಗೆ ಮಾತ್ರ ಅದಕ್ಕೆ ವಿನಾಯಿತಿ.

ಕಾರಣ ಸರಳ. ಗಡಿಯಲ್ಲಿ ಕೇಳುವ ಪ್ರಶ್ನೆ ಎರಡು: ನೀವು ಯಾರು, ಯಾವ ದೇಶದ ಪ್ರಜೆ? ಆಧಾರ್ ಮೊದಲನೆಯದಕ್ಕೆ ಮಾತ್ರ ಉತ್ತರ. ಅದು ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಮತದಾನದ ಹಕ್ಕು ಇರುವುದು ಪ್ರಜೆಗಳಿಗೆ ಮಾತ್ರ, ಹಾಗಾಗಿ ವೋಟರ್ ಐಡಿ ಎರಡಕ್ಕೂ ಉತ್ತರ.

ಕಾರ್ಡಿನ ಬೆಲೆ ಇರುವುದು ಅದನ್ನು ಒಪ್ಪುವ ಸರ್ಕಾರದ ಮನಸ್ಸಿನಲ್ಲಿ. ಯುರೋಪಿಯನ್ ಒಕ್ಕೂಟದವರು ಇವತ್ತಿಗೂ ತಮ್ಮೊಳಗೆ ಗುರುತಿನ ಚೀಟಿಯಲ್ಲೇ ಹಾರಾಡುತ್ತಾರೆ. ಒಕ್ಕೂಟ ಬಿಟ್ಟ ಬ್ರಿಟನ್, 2021ರ ಅಕ್ಟೋಬರ್ 1ರಿಂದ ಅವರಲ್ಲಿ ಬಹುತೇಕರಿಗೆ ಪಾಸ್‌ಪೋರ್ಟ್ ಕಡ್ಡಾಯ ಮಾಡಿತು. ಕಾರ್ಡ್ ಅದೇ, ಬದಲಾಗಿದ್ದು ರಾಜಕೀಯ.

ನಮ್ಮಲ್ಲೂ ಅಷ್ಟೇ. 2025ರ ಜೂನ್‌ನಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಆಯೋಗ 11 ದಾಖಲೆಗಳನ್ನು ಹೆಸರಿಸಿತು. ಅದರಲ್ಲಿ ಪಾಸ್‌ಪೋರ್ಟ್ ಇತ್ತು, ಆಯೋಗವೇ ಕೊಟ್ಟ ವೋಟರ್ ಐಡಿ ಇರಲಿಲ್ಲ. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಸೂಚನೆಯಿಂದ 12ನೆಯದಾಗಿ ಸೇರಿದ್ದು ಆಧಾರ್. ಅದೂ ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ. ಅಂದರೆ ವಿಮಾನ ನಿಲ್ದಾಣ ಬೇಡ ಅನ್ನುವ ಕಾರ್ಡ್ ಒಳಗೆ, ಒಪ್ಪುವ ಕಾರ್ಡ್ ಹೊರಗೆ!

ಪಟ್ಟಿಯನ್ನೇ ಪರಿಶೀಲಿಸುವಾಗ ಆ ಪಟ್ಟಿಯಿಂದ ಹುಟ್ಟಿದ ಕಾರ್ಡನ್ನು ಪುರಾವೆ ಮಾಡುವುದು ಹೇಗೆ ಎಂಬುದು ಆಯೋಗದ ವಾದ. ಅದರಲ್ಲಿ ತರ್ಕವಿದೆ, ಒಪ್ಪುತ್ತೇನೆ. ಆದರೆ ಅದರ ಹೊರೆ ಯಾರ ಹೆಗಲಿಗೆ ಬಿತ್ತು ನೋಡಿ. 2003ರ ಪಟ್ಟಿಯಲ್ಲಿ ಹೆಸರಿಲ್ಲದ ಮಧುಬನಿಯ ಕೂಲಿ ಹೆಣ್ಣುಮಗಳು ವೋಟರ್ ಐಡಿ ಹಿಡಿದು ದೆಹಲಿಯಿಂದ ಕಠ್ಮಂಡುವಿಗೆ ಹಾರಬಹುದು. ತನ್ನೂರಿನ ಬೂತ್ ಅಧಿಕಾರಿಯ ಮುಂದೆ ಮಾತ್ರ ಅದು ಸಾಲದು. ಪಾಸ್‌ಪೋರ್ಟ್ ತನ್ನಿ ಅನ್ನೋಣವೆಂದರೆ ಅದಕ್ಕೆ ಶುಲ್ಕವೇ 1,500 ರೂಪಾಯಿ.

ಪರದೇಶದ ಮುಂದೆ ಒಬ್ಬರನ್ನು ಭಾರತೀಯರು ಎಂದು ಸಾರಲು ಸಾಕಾದ ಕಾರ್ಡ್, ಅವರು ವೋಟು ಹಾಕಲೂ ಸಾಕಾಗಬೇಕು. ಅನುಮಾನ ಇದ್ದರೆ ಸಾಬೀತು ಮಾಡುವ ಕೆಲಸ ಸರ್ಕಾರದ್ದು. ಪ್ರಜೆ ಪ್ರತಿ ಸಲ ಹೊಸ ಕಾಗದ ಹುಡುಕಿಕೊಂಡು ಅಲೆಯಬೇಕಾಗಿಲ್ಲ.